ಗಂಗೊಳ್ಳಿಯ ಆಟ ನೋಡಿದವರು

ಐರ್ಲೆಂಡ್ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ದಿನಕರನಿಗೆ ಶಾಲೆಯ ಗೋಡೆಯ ಭೂಪಟಕ್ಕಿಂತ ಮೊದಲು ಅಜ್ಜಿ ನೆನಪಾಗುತ್ತಿದ್ದಳು. ಅಮ್ಮಣ್ಣಜ್ಜಿ ಅವನ ತಲೆಗೆ ಎಣ್ಣೆ ತಟ್ಟುತ್ತ ಹೇಳುತ್ತಿದ್ದ ಕತೆಗಳಲ್ಲಿ ಕಡಲಾಚೆ ಯಾವಾಗಲೂ ಒಂದು ನಡುಗಡ್ಡೆ ಇರುತ್ತಿತ್ತು. ಅಲ್ಲಿ ಹುಲ್ಲು ಒಣಗುತ್ತಿರಲಿಲ್ಲ, ಜನ ಮಾತನಾಡಿದರೆ ಹಾಡಿದ ಹಾಗೆ ಕೇಳುತ್ತಿತ್ತು. ಪಕ್ಕದ ದೊಡ್ಡ ನಡುಗಡ್ಡೆಯ ರಕ್ಕಸ ಬಂದು ಅವರ ಮಾತನ್ನೆಲ್ಲ ಕದ್ದು ಒಂದು ಗಿಂಡಿಯಲ್ಲಿ ತುಂಬಿ ಬಾಯಿ ಕಟ್ಟಿಬಿಟ್ಟಿದ್ದ. ದಿನಕರ ದೊಡ್ಡವನಾಗಿ, ಮೀಸೆ ಬಂದು, ಶಾಲೆಯಲ್ಲಿ ಮಾಷ್ಟ್ರಾದ ಮೇಲೆ, ಕುಂದಾಪುರದ ಸ್ವದೇಶಿ ಕ್ರೀಡಾ ಸಂಘದ ಜಗಲಿಯಲ್ಲಿ ಕೃಷ್ಣಯ್ಯನವರು ಅದೇ ಕತೆಯನ್ನು ಊರು ಹೆಸರು ಸಮೇತ ಹೇಳತೊಡಗಿದಾಗ ಅವನು ಬಾಯಿ ತೆರೆದುಕೊಂಡು ಕೂತುಬಿಟ್ಟ. ನಡುಗಡ್ಡೆಯ ಹೆಸರು ಐರ್ಲೆಂಡ್. ರಕ್ಕಸ ಯಾರೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಅವನು ನಮ್ಮಲ್ಲಿಂದ ಹಡಗು ಹತ್ತಿ ಹೋಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ಕೃಷ್ಣಯ್ಯನವರು ನಲವತ್ತೆರಡರ ಚಳವಳಿಯಲ್ಲಿ ಶಾಲೆಯ ಕೆಲಸ ಬಿಟ್ಟು ಜೈಲಿಗೆ ಹೋದವರು. ಜೈಲಿನಲ್ಲಿ ಐರ್ಲೆಂಡಿನ ಚರಿತ್ರೆಯನ್ನು ಓದಿ ಓದಿ, ಹೊರಗೆ ಬರುವಾಗ ಅರ್ಧ ಆ ದೇಶದವರೇ ಆಗಿದ್ದರು. ಅಲ್ಲಿಯವರು ಡೊಂಕು ಕೋಲಿನಲ್ಲಿ ಸಣ್ಣ ಚೆಂಡು ಹೊಡೆಯುವ ಆಟವೊಂದನ್ನು ಹೇಗೆ ಬದುಕಿಸಿಕೊಂಡರು, ತಮ್ಮದೇ ಆಟ ಆಡುತ್ತಿದ್ದ ಮೈದಾನಕ್ಕೆ ಪರದೇಶದ ಪೊಲೀಸರು ನುಗ್ಗಿ ಗುಂಡು ಹಾರಿಸಿದಾಗ ಆಟಗಾರನೊಬ್ಬ ಹುಲ್ಲಿನ ಮೇಲೇ ಹೇಗೆ ಸತ್ತ ಎಂದು ಅವರು ಹೇಳುವಾಗ ಜಗಲಿಯಲ್ಲಿ ಯಾರೂ ಸೊಳ್ಳೆ ಹೊಡೆಯುತ್ತಿರಲಿಲ್ಲ. ಆ ವರ್ಷ ಮಳೆಗಾಲ ಮುಗಿದ ಮೇಲೆ ಪತ್ರಿಕೆ ಬಿಡಿಸಿದರೆ ಮತ್ತೆ ಅದೇ ದೇಶ. ಕಾಮನ್‌ವೆಲ್ತ್ ಬಿಟ್ಟು ಅವರು ಪೂರ್ತಿ ಗಣರಾಜ್ಯ ಆಗುತ್ತಾರಂತೆ, ನಾವು ಬಿಡುವುದೋ ಇರುವುದೋ ಎಂದು ದಿಲ್ಲಿಯಲ್ಲಿ ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾರಂತೆ.

"ಕಾಣಿ, ಸ್ವಾತಂತ್ರ್ಯ ಬಂತ್ ಅಂದೇಳಿ ಅವ್ರ್ ಮಲ್ಕಂಡದ್ದಿಲ್ಲೆ," ಎಂದರು ಕೃಷ್ಣಯ್ಯ ಒಂದು ಸಂಜೆ. "ಪರದೇಶದ್ ಆಟ ಆಡಿದವ್ನಿಗೆ ಅವ್ರ ಸಂಘದಗೆ ಜಾಗ ಇಲ್ಲೆ. ಆಡುದ್ ಬಿಡಿ, ಕಂಡವ್ನಿಗೂ ಇಲ್ಲೆ. ಅವ್ರ ರಾಷ್ಟ್ರಾಧ್ಯಕ್ಷ, ಅವ್ರ ಭಾಷಿನ ಎಬ್ಸಿ ನಿಲ್ಸಿದ ಮುದ್ಕ, ಫುಟ್‌ಬಾಲ್ ಕಾಂಬುಕ್ ಹೋದ ಅಂದೇಳಿ ಅವ್ನ ಹೆಸ್ರನ್ನೇ ತೆಗ್ದ್ ಹಾಕ್ರ್. ಹತ್ತ್ ವರ್ಷ ಆಯ್ತ್ ಅಷ್ಟೆ."

"ಯಾರ್ ಕಾಂಬುಕ್ ಹೋದ್ರ್ ಅಂದೇಳಿ ಗೊತ್ತಾಪ್ದ್ ಹ್ಯಾಂಗೆ ಮಾಷ್ಟ್ರೆ?" ಎಂದ ಚೆನ್ನಯ್ಯ.

"ಕಾವಲಿನವ್ರ್ ಇರ್ತ್ರ್. ಮೈದಾನಕ್ ಹೋಯಿ ನಮ್ಮವ್ರ್ ಯಾರ್ ಬಂದಿದ್ರ್ ಅಂತ ಕಂಡ್ಕಂಡ್ ಬತ್ರ್."

"ಹಾಂಗಾರೆ ಆ ಕಾವಲಿನವ್ರ ಕಣ್ಣಿಗ್ ಎಂತ ಕಟ್ಟಿ ಕಳ್ಸ್ತ್ರ್?"

ಜಗಲಿ ಪೂರಾ ನಕ್ಕಿತು. ಕೃಷ್ಣಯ್ಯನವರು ಮಾತ್ರ ನಗಲಿಲ್ಲ.

ಚೆನ್ನಯ್ಯ ಕೋಡಿಯ ಕಡಲ ಬದಿಯ ಮೀನುಗಾರರ ಮನೆಯ ಹುಡುಗ, ಸಂಘದ ಕಬಡ್ಡಿ ತಂಡದ ಉಸಿರು. ಬ್ರಹ್ಮಾವರದಲ್ಲಿ ನಾಲ್ವರು ಅವನ ಸೊಂಟ, ಕಾಲು, ಕುತ್ತಿಗೆ ಹಿಡಿದು ನೇತಾಡುತ್ತಿದ್ದರೂ ಬಲೆ ಎಳೆಯುವ ಹಾಗೆ ಅವರನ್ನು ಎಳೆದುಕೊಂಡು ಗೆರೆ ಮುಟ್ಟಿದವನು. ಅವನನ್ನು ಮೊದಲು ಸೇರಿಸಿಕೊಂಡಾಗ ಊರಿನಲ್ಲಿ ದೊಡ್ಡ ಗುಲ್ಲೆದ್ದಿತ್ತು. ಕಬಡ್ಡಿ ಎಂದರೆ ಮೈಗೆ ಮೈ ತಾಗುವ ಆಟ. ಮುಟ್ಟದೆ ಆಡಲು ಬರುವುದಿಲ್ಲ. ಕೋಟದ ಕಡೆಯ ಬ್ರಾಹ್ಮಣ ಮನೆಗಳವರು ಮಕ್ಕಳನ್ನು ಬಿಡಿಸಿಕೊಂಡು ಹೋಗಲು ಬಂದಾಗ ಕೃಷ್ಣಯ್ಯನವರು ಅಂಗಳದಲ್ಲಿ ನಿಂತು, "ಮೈ ತಾಗಿಸ್ಕಂಬುಕ್ ಆಗ್ದಿದ್ದವ್ರ್ ಮನೆಗ್ ಹೋಯಿ ಚದುರಂಗ ಆಡ್ಲಿ" ಎಂದಿದ್ದರು. ದಿನಕರನ ಮನೆಯಲ್ಲೂ ಆಟದಿಂದ ಬಂದವನು ಬಾವಿಕಟ್ಟೆಯಲ್ಲಿ ಮಿಂದೇ ಒಳಗೆ ಬರಬೇಕು ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದ್ದಳು. ಅವನು ಮೀಯುತ್ತಿದ್ದ, ಮಾರನೆಯ ದಿನ ಮತ್ತೆ ಹೋಗಿ ಚೆನ್ನಯ್ಯನ ತೊಡೆಗೆ ಜೋತುಬೀಳುತ್ತಿದ್ದ.

ದೀಪಾವಳಿ ಕಳೆದ ವಾರ ಸಂಘದಲ್ಲಿ ಐರ್ಲೆಂಡಿನ ನಿಯಮ ಜಾರಿಗೆ ಬಂತು. ಫುಟ್‌ಬಾಲ್, ಕ್ರಿಕೆಟ್ ಆಡಕೂಡದು, ನೋಡಕೂಡದು. ತಪ್ಪಿದವನು ಆ ವರ್ಷದ ಆಟದಿಂದ ಹೊರಗೆ. ಎಲ್ಲರೂ ಅಂಗಳದ ನಡುಗೆರೆಯ ಮಣ್ಣು ಮುಟ್ಟಿ ಒಪ್ಪಿದರು. ಬೈಂದೂರಿನವರ ಜೊತೆ ದೊಡ್ಡ ಪಂದ್ಯ ಹತ್ತಿರ ಬರುತ್ತಿತ್ತು. ಅಷ್ಟರಲ್ಲಿ ಹೊಳೆಯಾಚೆ ಗಂಗೊಳ್ಳಿಯಲ್ಲಿ ಭಟ್ಕಳದವರಿಗೂ ಊರವರಿಗೂ ಫುಟ್‌ಬಾಲ್ ಇದೆಯೆಂಬ ಸುದ್ದಿ ಬಂತು. ಕೃಷ್ಣಯ್ಯನವರು ದಿನಕರನನ್ನು ಬದಿಗೆ ಕರೆದರು.

"ನೀ ಹೋಯ್ಕಂಡ್ ಬಾ. ನಮ್ಮವ್ರ್ ಯಾರಾರೂ ಇದ್ರಾ ಅಂತ ಕಾಣ್. ಯಾರಿಗೂ ಹೇಳುದ್ ಬ್ಯಾಡ."

ದಿನಕರನ ಎದೆ ಉಬ್ಬಿತು. ಶಾಲೆಯ ಕೆಲಸ ಅವನಿಗೆ ಸಿಕ್ಕಿದ್ದೂ ಇವರ ಒಂದು ಮಾತಿನಿಂದಲೇ. ಈಗ ನಿಯಮದ ಕಾವಲಿಗೂ ತನ್ನನ್ನೇ ಆರಿಸಿದರಲ್ಲ!

ಕಡವಿನ ದೊಡ್ಡ ದೋಣಿಯಲ್ಲಿ ಹೋದರೆ ನಾಲ್ಕು ಜನ ನೋಡುತ್ತಾರೆ ಎಂದು ಅವನು ಚೆನ್ನಯ್ಯನ ಸಣ್ಣ ದೋಣಿ ಕೇಳಿದ.

"ಹ್ವಾಯ್, ಎಲ್ಲಿಗ್ ಸವಾರಿ?" ಹುಟ್ಟು ಹಾಕುತ್ತ ಚೆನ್ನಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿದ. "ಮದ್ವಿಗ್ ಹೊರಟ ಗಂಡಿನ್ ಹಾಂಗೆ ಅಂಗಿ ಹಾಯ್ಕಂಡಿದೆ?"

"ಒಬ್ರನ್ನ ಕಾಂಬುಕಿತ್ತ್."

"ಒಬ್ರನ್ನಾ, ಒಬ್ಳನ್ನಾ?"

"ಸುಮ್ನೆ ಹುಟ್ಟ್ ಹಾಕ್ ಮಾರಾಯ."

ಗಂಗೊಳ್ಳಿಯ ದಡ ಮುಟ್ಟಿದಾಗ ತೆಂಗಿನ ತೋಟದಾಚೆಯಿಂದ ಕಡಲು ಉಕ್ಕಿ ಬಂದ ಹಾಗೆ ಜನರ ಬೊಬ್ಬೆ ಕೇಳಿಸಿತು. ಚೆನ್ನಯ್ಯನ ಮುಖ ಆ ಕಡೆ ತಿರುಗಿ, ಮತ್ತೆ ಈಚೆ ತಿರುಗಿತು.

"ನೀ ಹೋಯಿ ಬಾ. ನಾ ದೋಣಿಯಗೇ ಕೂಕಂತೆ. ಅಲ್ಲ್ ಆಟ ಆತಾ ಇತ್ತ್ ಕಾಣತ್. ನಂಗ್ ಆ ಬದಿ ಹೋಪುಕಾಗ."

ಅಪರಿಚಿತರ ನಡುವೆ ಒಬ್ಬನೇ ಹೋಗಲು ದಿನಕರನಿಗೆ ಅಳುಕು. ಹೋಗಿ ಎಲ್ಲಿ ನಿಲ್ಲುವುದು, ಯಾರಾದರೂ ಮಾತನಾಡಿಸಿದರೆ ಏನು ಹೇಳುವುದು?

"ಬಾ ಅತ್ಲಾಗೆ," ಎಂದ. "ಬಿಸಿಲಗ್ ಒಬ್ನೇ ಎಂತ ಮಾಡ್ತೆ? ಬದಿಯಗ್ ನಿಂತ್ಕಂಡ್ರೆ ಆಯ್ತ್. ನಾ ಇದ್ದೆ ಅಲ್ದಾ?"

ಚೆನ್ನಯ್ಯ ದೋಣಿಯನ್ನು ಗೂಟಕ್ಕೆ ಕಟ್ಟಿ ಬಂದ.

ಆಮೇಲೆ ಆದದ್ದನ್ನು ದಿನಕರ ಎಷ್ಟೋ ಸಲ ತನಗೆ ತಾನೇ ಬೇರೆ ಬೇರೆ ರೀತಿಯಲ್ಲಿ ಹೇಳಿಕೊಂಡದ್ದುಂಟು. ನಾನು ಜನರನ್ನು ನೋಡಲು ಹೋದೆ, ಚೆಂಡನ್ನಲ್ಲ ಎಂದು. ಆದರೆ ಚೆಂಡು ಎಲ್ಲಿ ಬಿಟ್ಟಿತು? ಅದು ಮರಳಿನಿಂದ ಎದ್ದು, ತೆಂಗಿನ ಗರಿಗಳ ಮಟ್ಟಕ್ಕೆ ಹೋಗಿ, ಅಲ್ಲೊಂದು ಗಳಿಗೆ ಇಳಿಯಲು ಮನಸ್ಸಿಲ್ಲದಂತೆ ನಿಂತಿತು. ಅದರ ಕೆಳಗೆ ಬರಿಗಾಲಿನ ಇಪ್ಪತ್ತೆರಡು ಮಂದಿ ಕತ್ತೆತ್ತಿ ಕಾಯುತ್ತಿದ್ದರು. ಗೋಲಿನ ಗಳುಗಳ ನಡುವೆ ನಿಂತಿದ್ದ ಗಂಗೊಳ್ಳಿಯ ತೆಳ್ಳಗಿನ ಹುಡುಗನೊಬ್ಬ ಹಾರಿದ. ಹಕ್ಕಿಯ ಹಾಗೆ ಅಲ್ಲ, ಎಸೆದ ಬಲೆಯ ಹಾಗೆ, ಮೈಯೆಲ್ಲ ಹರಡಿಕೊಂಡು.

"ಕಾಣ್ ಕಾಣ್ ಕಾಣ್!" ಚೆನ್ನಯ್ಯ ಕುಣಿದ. "ಹಿಡ್ದ ಕಾಣ್! ಅಬ್ಬ, ಅವ್ನ ಕೈಯಗ್ ಅಂಟಿತ್ತಾ ಎಂತ?"

ಕೊನೆಯಲ್ಲಿ ಗಂಗೊಳ್ಳಿಯವರು ಗೋಲು ಹೊಡೆದಾಗ ದಿನಕರ ತಾನೆಲ್ಲಿದ್ದೇನೆಂಬುದನ್ನೇ ಮರೆತ. ಚೆನ್ನಯ್ಯನ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಗಂಟಲು ಹರಿಯುವಂತೆ ಕೂಗಿದ. ಆ ಕೂಗು ಮುಗಿದು ಕಣ್ಣು ತೆರೆದಾಗ ಎದುರು ಬದಿಯ ಬೆಂಚು ಕಾಣಿಸಿತು. ಬೆಂಚಿನ ಮೇಲೆ ಭಟ್ಕಳದ ಗೆಳೆಯರ ಜೊತೆ ಸೋಡಾ ಕುಡಿಯುತ್ತ ಕೂತಿದ್ದವನು ಶಾಮರಾಯ. ಸಂಘದ ಕಬಡ್ಡಿ ತಂಡದ ಕಪ್ತಾನ, ಕೃಷ್ಣಯ್ಯನವರ ತಂಗಿಯ ಮಗ. ಸಂಘದ ಅಂಗಳವೂ ಅವನ ಅಪ್ಪನದೇ. ಅವನೂ ದಿನಕರನನ್ನು ನೋಡಿದ. ಸೋಡಾ ಬಾಟಲಿಯನ್ನು ಒಂದಿಷ್ಟು ಮೇಲೆತ್ತಿ, ನಕ್ಕ.

ಹಿಂದೆ ಬರುವಾಗ ದೋಣಿಯ ತುಂಬ ಚೆನ್ನಯ್ಯನದೇ ಮಾತು. "ತೋಳ್ ಕಾಣ್ ಮಾರಾಯ, ಹಿಡ್ದ್ ಹಿಡ್ದ್ ನೀಲಿ ಮಾಡಿದೆ. ಬೈಂದೂರಗ್ ಆಡುಕ್ ಸಿಕ್ರೆ ಹಾಂಗೇ ಹಿಡಿ, ಆಯ್ತಾ? ನನ್ನನ್ನಲ್ಲ ಮತ್ತೆ!" ದಿನಕರ ನೀರಿನಲ್ಲಿ ಕೈ ಅದ್ದಿಕೊಂಡು ಕೂತಿದ್ದ.

ಸಂಘದ ಸಭೆ ಸೇರಿದ ಸಂಜೆ ಕೃಷ್ಣಯ್ಯನವರು ಎಲ್ಲರೆದುರೇ ಕೇಳಿದರು. "ದಿನಕರ ಗಂಗೊಳ್ಳಿಗ್ ಹೋಯಿ ಬಂದಿದ, ನಾನೇ ಕಳ್ಸದ್ದ್. ನಮ್ಮವ್ರ್ ಯಾರಾರೂ ಇದ್ದಿದ್ರಾ?"

ಚೆನ್ನಯ್ಯ ಕಂಬಕ್ಕೊರಗಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. 'ನಾನೇ ಕಳ್ಸದ್ದ್' ಎಂಬ ಮಾತಿಗೆ ಅವನ ಕೈ ನಿಂತಿತು. ಶಾಮರಾಯ ಮಾವನ ಮಗ್ಗುಲಿಗೇ ಕೂತು ಲಾಂದ್ರದ ಬತ್ತಿ ಏರಿಸುತ್ತಿದ್ದ; ತಲೆಯೆತ್ತಿ ದಿನಕರನನ್ನು ನೋಡಿದ. ಆ ನೋಟದಲ್ಲಿ ಬೆದರಿಕೆಯೇನೂ ಇರಲಿಲ್ಲ. ಇವನು ಹೇಳುವುದಿಲ್ಲ ಎಂಬ ನೆಮ್ಮದಿ ಇತ್ತು ಅಷ್ಟೆ.

ಯಾರೂ ಇರಲಿಲ್ಲ ಎನ್ನಬಹುದಿತ್ತು. ಆದರೆ ಕಾವಲಿಗೆ ಹೋದವನು ಬರಿಗೈಯಲ್ಲಿ ಬಂದರೆ ಮಾಷ್ಟ್ರು ಏನೆಂದಾರು? ಶಾಮರಾಯ ಎನ್ನಬಹುದಿತ್ತು. ನಾನು ಎನ್ನಬಹುದಿತ್ತು. ಆ ಎರಡು ಹೆಸರೂ ನಾಲಗೆಯ ಬುಡದಲ್ಲೇ ಕಲ್ಲಾಗಿ ಕೂತವು. ಮೂರನೆಯದೊಂದು ಹೆಸರು ಹಗುರವಾಗಿತ್ತು. ಅದರ ಹಿಂದೆ ಅಂಗಳವಿರಲಿಲ್ಲ, ಮಾವನಿರಲಿಲ್ಲ, ಶಾಲೆಯ ಕೆಲಸವಿರಲಿಲ್ಲ. ಅದು ತಾನಾಗಿಯೇ ಬಾಯಿಂದ ಜಾರಿತು.

"ಚೆನ್ನಯ್ಯ ಇದ್ದಿದ್ದ."

ಚೆನ್ನಯ್ಯ ದಿನಕರನನ್ನು ನೋಡಿದ. ಸಿಟ್ಟಿನಿಂದಲ್ಲ. ಸಂತೆಯ ನಡುವೆ ಗೆಳೆಯನ ಪಂಚೆ ಕಳಚಿ ಬಿದ್ದರೆ ಹೇಗೆ ಥಟ್ಟನೆ ಕಂಡು ಥಟ್ಟನೆ ಮುಖ ತಿರುಗಿಸುತ್ತಾರೋ ಹಾಗೆ.

"ಹೌದಾ?" ಕೃಷ್ಣಯ್ಯನವರ ದನಿ ಒಡೆಯಿತು. ಅವರಿಗೂ ಆ ಹೆಸರು ಬೇಕಿರಲಿಲ್ಲ.

"ಹೌದ್ ಮಾಷ್ಟ್ರೆ. ಕಂಡಿದೆ. ಲಾಯ್ಕಿತ್ತ್ ಆಟ," ಎಂದ ಚೆನ್ನಯ್ಯ.

"ಯಾರೊಟ್ಟಿಗ್ ಹೋಯಿದ್ದೆ?"

ಈಗ ಹೇಳುತ್ತಾನೆ. ಹೇಳಲಿ, ಹೇಳಿಬಿಡಲಿ ದೇವರೇ ಎಂದು ದಿನಕರ ಅಂದುಕೊಂಡ.

"ದೋಣಿ ನಂದೇ ಅಲ್ದಾ?" ಎಂದ ಚೆನ್ನಯ್ಯ. "ನಾನೇ ಹೋಯಿದ್ದೆ." ಎಣ್ಣೆಯ ಕೈಯನ್ನು ತಲೆಗೆ ಒರೆಸಿಕೊಂಡು, ಅಂಗಿ ಹೆಗಲಿಗೆ ಹಾಕಿ, ಮೆಟ್ಟಿಲಿಳಿದು ಹೋದ.

ಆ ದಿನ ಬಾವಿಕಟ್ಟೆಯಲ್ಲಿ ದಿನಕರ ಕೊಡದ ಮೇಲೆ ಕೊಡ ಸುರಿದುಕೊಂಡ. "ಇವತ್ತ್ ಆಟ ಇದ್ದಿತ್ತಾ ಮಗಾ?" ಎಂದಳು ಅಜ್ಜಿ ಬಾಗಿಲಿನಿಂದ. ಇರಲಿಲ್ಲ ಎಂದರೆ ಮತ್ತೆ ಇಷ್ಟು ಮೀಯುವುದೇಕೆಂದು ಕೇಳುತ್ತಾಳೆ. "ಇದ್ದಿತ್ತ್" ಎಂದ.

ಭಾನುವಾರ ಅವನು ಕೃಷ್ಣಯ್ಯನವರ ಮನೆಗೆ ಹೋದ. ಅವರು ಒರಗು ಕುರ್ಚಿಯಲ್ಲಿ ಪತ್ರಿಕೆ ಓದುತ್ತಿದ್ದರು.

"ಮಾಷ್ಟ್ರೆ, ನಾನೂ ಆಟ ಕಂಡಿದೆ."

"ಕಾಂಬುಕೇ ಕಳ್ಸದ್ದಲ್ದಾ."

"ಹಾಂಗಲ್ಲ. ನಾ ಬೊಬ್ಬಿ ಹಾಕಿದೆ. ಕುಣ್ದಿದೆ. ಚೆನ್ನಯ್ಯ ದೋಣಿಯಗೇ ಇರ್ತೆ ಅಂದಿದ್ದ, ಬಾ ಅಂತ ಕರ್ಕಂಡ್ ಹೋದವ ನಾನೇ."

ಕೃಷ್ಣಯ್ಯನವರು ಕನ್ನಡಕ ತೆಗೆದರು. ಪಂಚೆಯ ತುದಿಯಲ್ಲಿ ಅದನ್ನು ಒರೆಸಿದರು. "ಕಾವಲಿಗ್ ಹೋದವ ಕಂಡದ್ದ್ ಕಂಡದ್ದಲ್ಲ," ಎಂದರು. "ನಿನ್ನ ಮೇಲೆ ತಪ್ಪಿಲ್ಲೆ."

ಕ್ಷಮೆ ಇಷ್ಟು ಸುಲಭವಾಗಿ ಸಿಕ್ಕಿದ್ದು ಬೈಗುಳಕ್ಕಿಂತ ಕಷ್ಟವಾಯಿತು. "ಶಾಮರಾಯನೂ ಇದ್ದಿದ್ದ," ಎಂದುಬಿಟ್ಟ ದಿನಕರ. "ಬೆಂಚಿನ್ ಮೇಲೆ ಕೂಕಂಡ್ ಕಾಂತಿದ್ದ. ಚೆನ್ನಯ್ಯನ್ನ ಹೆರ್ಗ್ ಹಾಕುದಾರೆ ನಮ್ಮಿಬ್ರನ್ನೂ ಹಾಕಿ. ಇಲ್ದಿದ್ರೆ ಅವ್ನನ್ನ ತಿರ್ಗಿ ಕರೀನಿ. ಬೈಂದೂರಿಗ್ ಅವ ಬರ್ಕ್."

ಕೃಷ್ಣಯ್ಯನವರು ಜೈಲಿನಲ್ಲಿ ಉಪವಾಸ ಕೂತವರು, ಅಂಗಳದಲ್ಲಿ ಒಬ್ಬರೇ ನಿಂತು ಊರನ್ನು ಎದುರಿಸಿದವರು. ದಿನಕರ ಅವರ ಮುಖವನ್ನೇ ನೋಡುತ್ತಿದ್ದ.

"ಬೈಂದೂರಿನ್ ಆಟ ಒಂದ್ ಮುಗಿಲಿ," ಎಂದರು ಅವರು. "ಕಪ್ತಾನ ಇಲ್ದೆ ಹೋಪ್ದ್ ಹ್ಯಾಂಗೆ? ಅಂಗಳ ಬೇರೆ ಭಾವಂದ್. ಒಂದ್ಸಲ ಹೇಳಿದ್ ಶಿಕ್ಷೆ ತಿರ್ಗಿ ತಕಂಡ್ರೆ ನಾಳೆ ನಿಯಮಕ್ಕ್ ಮರ್ಯಾದಿ ಇರತ್ತಾ? ಐರ್ಲೆಂಡಿನಗೂ..." ಎಂದು ಶುರು ಮಾಡಿ ನಿಂತರು. ಐರ್ಲೆಂಡಿನ ಯಾವ ಕತೆಯೂ ಅವರಿಗೆ ಸಿಗಲಿಲ್ಲ. ಪತ್ರಿಕೆ ಎತ್ತಿ ಮುಖಕ್ಕೆ ಹಿಡಿದರು. ಅದರ ಹಿಂದಿನಿಂದ, "ಚೆನ್ನಯ್ಯನ್ ಜಾಗಕ್ಕ್ ನೀನೇ ಆಡ್," ಎಂದರು.

ಆಡುವುದಿಲ್ಲ ಎನ್ನಬೇಕೆಂದು ದಿನಕರ ಬಾಯಿ ತೆರೆದ. ಬಂದದ್ದು, "ಆಯ್ತ್ ಮಾಷ್ಟ್ರೆ."

ಹೊಳೆ ದಾಟಿ, ಇದ್ದಲು ಉರಿಸಿ ಓಡುವ ಬಸ್ಸು ಹಿಡಿದು, ಮೈಯೆಲ್ಲ ಮಸಿಯಾಗಿ ಬೈಂದೂರು ತಲುಪಿದಾಗ ಅಲ್ಲಿಯ ತಂಡದ ಕಪ್ತಾನ ಚಂದಯ್ಯ ಎಂಬವನು ಇವರ ತಲೆಗಳನ್ನು ಎಣಿಸುತ್ತ ನಿಂತಿದ್ದ.

"ಚೆನ್ನಯ್ಯ ಎಲ್ಲಿ ಮಾರಾಯ್ರೆ? ಅವ್ನನ್ನ ಹಿಡೂಕೆ ನಾವ್ ಮೂರ್ ತಿಂಗ್ಳಿಂದ ಗಂಜಿ ಉಂಡದ್ದ್!"

"ಅವ್ನಿಗ್ ಜ್ವರ," ಎಂದ ಶಾಮರಾಯ.

ಚಂದಯ್ಯ ದಿನಕರನ ಕಡೆ ನೋಡಿದ. "ಹೌದಾ? ಜೋರಿತ್ತಾ ಜ್ವರ?"

"ಜೋರಿತ್ತ್," ಎಂದ ದಿನಕರ. ಈ ಸಲ ನಾಲಗೆ ಇನ್ನಷ್ಟು ಸಲೀಸಾಗಿ ಹೊರಳಿತು. ಅವನಿಗೆ ಹೆದರಿಕೆ ಹುಟ್ಟಿದ್ದು ಅದಕ್ಕೇ.

ಸೋತಿದ್ದರೆ ಎಷ್ಟೋ ಹಿತವಾಗುತ್ತಿತ್ತು. ಚೆನ್ನಯ್ಯನನ್ನು ಹಿಡಿಯುವುದಕ್ಕೆಂದೇ ಪಟ್ಟು ಕಲಿತ ಬೈಂದೂರಿನವರು ಅವನಿಲ್ಲದ ತಂಡದೆದುರು ತಬ್ಬಿಬ್ಬಾದರು. ಕಡೆಯ ಸರದಿಯಲ್ಲಿ ದಿನಕರ 'ಕಬಡ್ಡಿ ಕಬಡ್ಡಿ' ಎನ್ನುತ್ತ ಹೋದ. ಉಸಿರು ಇನ್ನೇನು ಕಡಿಯಬೇಕು ಎನ್ನುವಾಗ ಚಂದಯ್ಯನೇ ಕಾಲು ಜಾರಿ ಅವನ ಕೈಗೆ ಬೆನ್ನು ತಾಗಿಸಿಕೊಂಡ. ದಿನಕರ ಹೊರಳಿ ಗೆರೆ ಮುಟ್ಟಿದ, ಗೆದ್ದಾಗಿತ್ತು! ಕೊರಳಿಗೆ ಸೇವಂತಿಗೆ ಮಾಲೆ ಬಿತ್ತು. ಶಾಮರಾಯ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಸುತ್ತು ಹಾಕಿದ. ಕೃಷ್ಣಯ್ಯನವರು ಶಿಸ್ತಿನ ಬಗ್ಗೆ ಭಾಷಣ ಮಾಡಿದರು. ಐರ್ಲೆಂಡಿನ ಹೆಸರೆತ್ತಿದಾಗ ದಿನಕರ ಮಾಲೆಯ ಹೂವುಗಳನ್ನು ಒಂದೊಂದಾಗಿ ಕೀಳುತ್ತಿದ್ದ. ಅಜ್ಜಿಯ ಕತೆಯಲ್ಲಿ ಗಿಂಡಿಯ ಬಾಯಿ ಬಿಚ್ಚಿದ ಕೂಡಲೇ ಜನರಿಗೆಲ್ಲ ಮಾತು ಬರುತ್ತಿತ್ತು. ತನ್ನ ಮಾತನ್ನು ಯಾವ ರಕ್ಕಸನೂ ಕದ್ದಿರಲಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಅವನು ಕೋಡಿಗೆ ನಡೆದ. ಚೆನ್ನಯ್ಯನ ತಾಯಿ ನಾಗು ಗುಡಿಸಲ ಮುಂದೆ ಒಣಗಲು ಹಾಸಿದ ಮೀನಿನ ಬದಿಯಲ್ಲಿ ಕಾಗೆ ಓಡಿಸುತ್ತ ಕೂತಿದ್ದಳು.

"ಬನ್ನಿ ಅಯ್ಯ, ಬನ್ನಿ," ಎಂದು ಎದ್ದು, ಕೈ ತೊಳೆದು, ಮರಳು ಗುಡಿಸಿ ಕೂರಲು ಒಂದು ಬುಟ್ಟಿಯನ್ನು ಕವುಚಿ ಹಾಕಿದಳು. "ಕೂಕಣಿ. ಅವ ಕಡ್ಲಿಗ್ ಹೋಯ್ದ, ಇನ್ನೇನ್ ಬಪ್ಪು ಹೊತ್ತಾಯ್ತ್. ನೀವ್ ಬತ್ರಿ ಅಂತ ನಂಗ್ ಗೊತ್ತಿತ್ತ್. ಬೇರೆ ಯಾರ್ ಬರ್ದಿದ್ರೂ ನೀವ್ ಬತ್ರಿ."

ಎಳನೀರು ಕೆತ್ತಿ ಕೈಗಿಟ್ಟಳು. ಅವನು ಕುಡಿಯದೆ ಹಿಡಿದುಕೊಂಡ.

"ಅವ ಎಂತದೂ ಹೇಳುದಿಲ್ಲೆ ಅಯ್ಯ. ಸಂಘಕ್ಕ್ ಎಂತಕ್ ಹೋಪ್ದಿಲ್ಲ ಅಂದ್ರೆ ಸುಮ್ನೆ ಬಲೆ ಕಟ್ಟುಕ್ ಕೂಕಂತ. ಯಾರೋ ಚಾಡಿ ಹೇಳಿದ್ರ್ ಅಂಬ್ರಲೆ ಪೇಟೆಯಗೆ? ಯಾರ್ ಅಂದ್ರೆ ಹೆಸ್ರ್ ಹೇಳ. ನೀವಾರೂ ಹೇಳಿ. ನಾ ಜಗ್ಳಕ್ ಹೋಪ್ದಿಲ್ಲೆ. ಮಗನ್ ಹೊಟ್ಟಿ ಉರ್ಸಿದವ್ರ್ ಯಾರ್ ಅಂತ ಗೊತ್ತಿರ್ಕಲ್ದಾ ತಾಯಿಗೆ?"

ಅಲೆಗಳಾಚೆ ದೋಣಿಗಳ ಕಪ್ಪು ಚುಕ್ಕೆಗಳು ಕಾಣಿಸತೊಡಗಿದ್ದವು. ದಿನಕರ ಎಳನೀರನ್ನು ಮರಳಿನ ಮೇಲಿಟ್ಟ.

"ನಾನೇ," ಎಂದ.

ನಾಗು ಕಾಗೆ ಓಡಿಸುವ ಕೋಲನ್ನು ಎತ್ತಿದ್ದವಳು ಹಾಗೇ ನಿಂತಳು. ಒಂದು ಕಾಗೆ ಬಂದು ಮೀನು ಕಚ್ಚಿಕೊಂಡು ಹೋಯಿತು.

"ನಾನೇ ಅವ್ನನ್ನ ಕರ್ಕಂಡ್ ಹೋದ್ದ್. ನಾನೇ ಹೆಸ್ರ್ ಹೇಳಿದ್ದ್. ನಿನ್ನೆ ಅವ್ನ ಜಾಗದಗ್ ಆಡಿದ್ದೂ ನಾನೇ."

ಬೈಯುತ್ತಾಳೆ, ಕೋಲು ಬೀಸುತ್ತಾಳೆ ಎಂದು ಅವನು ತಲೆ ತಗ್ಗಿಸಿ ಕಾದ. ಹೊಡೆದರೆ ಒಳ್ಳೆಯದಿತ್ತು. ನಾಗು ಕೂತಳು. ಅವನ ಕಡೆ ನೋಡಲಿಲ್ಲ; ಕಡಲ ಕಡೆಗೇ ನೋಡುತ್ತ ಹೇಳಿದಳು.

"ಅದಕ್ಕಾ ಅವ ಹೆಸ್ರ್ ಹೇಳ್ದಿದ್ದದ್ದ್."

ಚುಕ್ಕೆಗಳು ದೋಣಿಗಳಾದವು. ಮುಂದಿನದರ ಮೂತಿಯಲ್ಲಿ ಹಗ್ಗ ಹಿಡಿದು ನಿಂತವನ ಎದೆಯ ಅಗಲ ಇಲ್ಲಿಂದಲೇ ಗುರುತು ಹತ್ತುತ್ತಿತ್ತು.

"ಅವ ಬಪ್ಪುಕ್ ಮುಂಚೆ ನೀವ್ ಹೋಯ್ನಿ ಅಯ್ಯ," ಎಂದಳು ನಾಗು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮನ್ನ ಹೀಂಗ್ ಕಂಡ್ರೆ ಅವ್ನಿಗ್ ನಾಚ್ಕಿ ಆತ್ತ್."

ಚೆನ್ನಯ್ಯನ ಕಾಲು ಹಿಡಿಯಬೇಕೆಂದು, ಎಲ್ಲರೆದುರು ನಿಜ ಹೇಳುತ್ತೇನೆ ಎನ್ನಬೇಕೆಂದು ದಿನಕರ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಆ ಮಾತುಗಳಿಂದ ಹಗುರವಾಗುವವನು ತಾನೊಬ್ಬನೇ ಎಂದು ಈಗ ಹೊಳೆಯಿತು. ಚೆನ್ನಯ್ಯನಿಗಾಗಿ ಮಾಡಲು ಅವನಿಗೆ ಉಳಿದದ್ದು ಈ ತಾಯಿ ಕೇಳಿದ ಇಷ್ಟು ಮಾತ್ರ. ಅವನು ಎದ್ದು, ದೋಣಿಯಿಂದ ಕಾಣದಂತೆ ಗುಡಿಸಲುಗಳ ಹಿಂದಿನಿಂದ, ಚಪ್ಪಲಿ ಕೈಯಲ್ಲಿ ಹಿಡಿದು ಬೇಗ ಬೇಗ ನಡೆದ.